ಮಾಟಗಾತಿಯರ ಕಾವಲು: ನ್ಯೂ ಮೆಕ್ಸಿಕೋದ ಒಂದು ಚರ್ಚ್ ರ್‍ಯಾಂಚ್

ಮಾನ್ಯರೇ,

ನಮ್ಮ ಸತ್ಯವೇದದ, ಅಂದರೆ ಬೈಬಲಿನ, ನಾಲ್ಕನೆಯ ಪುಸ್ತಕಕ್ಕೆ ಅರಣ್ಯಕಾಂಡ ಎಂದು ಹೆಸರು. ಮಲೆನಾಡಿನಲ್ಲಿ ಬೆಳೆದ ನಾನು ಹುಡುಗನಾಗಿದ್ದಾಗ ಅದನ್ನು ಓದಿ ಗಲಿಬಿಲಿಗೊಂಡಿದ್ದೆ. ಅರಣ್ಯದಲ್ಲಿದ್ದುಕೊಂಡು ಇಸ್ರಾಯೇಲ್ಯರು ನೀರಿಲ್ಲವೆಂದು ಏಕೆ ಗೊಣಗುತ್ತಾರೆ? ಎಷ್ಟೋ ವರ್ಷಗಳ ನಂತರ ತಿಳಿಯಿತು, ಹೀಬ್ರೂ ಮೂಲದಲ್ಲಿರುವ ಶಬ್ದ 'ಮಿದ್ಬಾರ್' ಎಂದು. ಉಳುಮೆ ಇಲ್ಲದ, ಊರಿಲ್ಲದ, ಆದರೆ ಮಂದೆಯನ್ನು ಅಟ್ಟಿಕೊಂಡು ಹೋಗಿ ಮೇಯಿಸಬಹುದಾದ ಒಣನೆಲ ಅದು. ಉರಿಯುವ ಪೊದೆಯನ್ನು ಕಂಡ ಗಳಿಗೆಯಲ್ಲಿ ಮೋಶೆ ಮಾಡುತ್ತಿದ್ದುದಾದರೂ ಏನು? ಮಾವನ ಕುರಿ ಕಾಯುತ್ತಿದ್ದ.

ನನ್ನನ್ನು ಕೇಳಿದರೆ ಮಿದ್ಬಾರಿಗೆ ಕನ್ನಡದಲ್ಲಿ ಅರಣ್ಯಕ್ಕಿಂತ, ಮರುಭೂಮಿಗಿಂತ ಹತ್ತಿರದ ಮಾತು 'ಕಾವಲು', ಅಂದರೆ ದನ ಮೇಯಲೆಂದು ಕಾದಿಟ್ಟ ಹುಲ್ಲುಗಾವಲು. ಹಾಸನ, ಚಿತ್ರದುರ್ಗದ ಕಡೆಯವರಿಗೆ ಅಮೃತಮಹಲ್ ಕಾವಲುಗಳನ್ನು ವಿವರಿಸಬೇಕಾಗಿಲ್ಲ. ಅಮೆರಿಕದವರು ರ್‍ಯಾಂಚ್ ಎನ್ನುವುದೂ ಹೆಚ್ಚುಕಡಿಮೆ ಅದನ್ನೇ. ಈ ಮಾತನ್ನು ಮೊದಲೇ ಹೇಳಿಬಿಟ್ಟೆ, ಏಕೆಂದರೆ ಕಾವಲು ಎಂದ ಕೂಡಲೇ ಇನ್ನೊಂದು ಪ್ರಶ್ನೆ ತಾನಾಗಿಯೇ ಏಳುತ್ತದೆ: ಅಲ್ಲಿ ಯಾರ ದನ ಮೇಯಬೇಕು? ಚಳ್ಳಕೆರೆಯ ಕಾವಲುಗಳು ವಿಜ್ಞಾನ ಸಂಸ್ಥೆಗಳ ಪಾಲಾದಾಗ ಅಲ್ಲಿನ ಕುರಿಗಾಹಿಗಳು ಕೇಳಿದ್ದು ಇದನ್ನೇ.

ಇಂದು ನಾನು ಹೇಳಬೇಕಾಗಿರುವುದು ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಉತ್ತರಕ್ಕೆ, ಅಬಿಕ್ಯೂ ಎಂಬ ಹಳ್ಳಿಯ ಬಳಿ ಇರುವ ಘೋಸ್ಟ್ ರ್‍ಯಾಂಚಿನ ಕಥೆ. ಅದು ಸಮುದ್ರಮಟ್ಟದಿಂದ ಸುಮಾರು 6,500 ಅಡಿ ಎತ್ತರದ ಒಣಪ್ರದೇಶ. ಕೆಂಪು, ಹಳದಿ ಬಂಡೆಗಳ ಗೋಡೆಗಳ ನಡುವೆ 21,000 ಎಕರೆ. 1955ರಲ್ಲಿ ಇಷ್ಟನ್ನೂ ಆರ್ಥರ್ ಪ್ಯಾಕ್ ಮತ್ತು ಅವರ ಪತ್ನಿ ಫೀಬಿ ಪ್ರೆಸ್ಬಿಟೇರಿಯನ್ ಚರ್ಚಿಗೆ ದಾನವಾಗಿ ಕೊಟ್ಟರು. ಚರ್ಚು ಅದನ್ನು ಶಿಬಿರ, ಅಧ್ಯಯನ, ಧ್ಯಾನಗಳ ಕೇಂದ್ರವನ್ನಾಗಿ ಮಾಡಿತು. ಸ್ಥಾಪನೆಯ ಕಥೆ ಇಷ್ಟೇ ಎಂದು ಹೇಳಿ ಕುಳಿತುಬಿಡಬಹುದು. ಆದರೆ ದಾನಪತ್ರಕ್ಕೆ ಸಹಿ ಬಿದ್ದ ದಿನವೇ ಸ್ಥಾಪನೆಯ ದಿನ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ತೇವಾ, ನವಾಹೋ, ಯೂಟ್ ಜನ ಓಡಾಡಿದ ನೆಲ ಅದು. 1766ರಲ್ಲಿ ಸ್ಪೇನಿನ ಅರಸೊತ್ತಿಗೆ ಅದನ್ನು ಪೆದ್ರೋ ಮಾರ್ತಿನ್ ಸೆರಾನೊ ಎಂಬವನಿಗೆ ಮಾನ್ಯವಾಗಿ, ಅಂದರೆ ಉಂಬಳಿಯಾಗಿ, ಕೊಟ್ಟಿತು. ಆಮೇಲೆ ಅಲ್ಲಿ ದನಗಳ್ಳರಾದ ಅಣ್ಣತಮ್ಮಂದಿರಿಬ್ಬರು ಬೀಡುಬಿಟ್ಟಿದ್ದರಂತೆ. ಕದ್ದ ದನ ಹುಡುಕಿಕೊಂಡು ಯಾರೂ ಬರದಿರಲೆಂದು ಅವರೇ ದೆವ್ವದ ಕಥೆ ಹಬ್ಬಿಸಿದರಂತೆ. ಅದಕ್ಕೇ ಸ್ಥಳೀಯ ಸ್ಪ್ಯಾನಿಷ್‌ನಲ್ಲಿ ಆ ಜಾಗ ಮಾಟಗಾತಿಯರ ರ್‍ಯಾಂಚ್ ಆಯಿತು. ಕಳ್ಳರಿಗೆ ದೆವ್ವಗಳಿಗಿಂತ ಅಗ್ಗದ ಕಾವಲುಗಾರರು ಎಲ್ಲಿ ಸಿಕ್ಕಾರು! ಮುಂದೆ ಹಕ್ಕುಪತ್ರ ಇಸ್ಪೀಟಾಟದಲ್ಲಿ ಕೈ ಬದಲಾಯಿಸಿತು ಎನ್ನುತ್ತಾರೆ. ಗೆದ್ದವನ ಹೆಂಡತಿ ಕ್ಯಾರಲ್ ಸ್ಟ್ಯಾನ್ಲಿ ವಿಚ್ಛೇದನ ಪಡೆದು, ಪತ್ರವನ್ನು ತನ್ನದಾಗಿಸಿಕೊಂಡು, ಅಲ್ಲಿ ಶ್ರೀಮಂತ ಪ್ರವಾಸಿಗರಿಗೆ ವಸತಿ ನಡೆಸಿದಳು. ಘೋಸ್ಟ್ ರ್‍ಯಾಂಚ್ ಎಂಬ ಹೆಸರು ಅವಳದೇ. ನಿಸರ್ಗ ಪತ್ರಿಕೆಯೊಂದರ ಸಂಪಾದಕರಾಗಿದ್ದ ಪ್ಯಾಕ್ 1930ರ ದಶಕದಲ್ಲಿ ಅವಳಿಂದ ಅದನ್ನು ಕೊಂಡರು.

ಚಿತ್ರಕಲಾವಿದೆ ಜಾರ್ಜಿಯಾ ಓಕೀಫ್ 1934ರಲ್ಲಿ ಅಲ್ಲಿಗೆ ಬಂದವರು ಮನಸೋತು, 1940ರಲ್ಲಿ ಒಂದು ಮನೆಯನ್ನೂ ಏಳು ಎಕರೆಯನ್ನೂ ಪ್ಯಾಕ್‌ರಿಂದ ಕೊಂಡರು. ಯುದ್ಧಕಾಲದಲ್ಲಿ ಲಾಸ್ ಅಲಾಮೋಸ್‌ನಲ್ಲಿ ಅಣುಬಾಂಬು ತಯಾರಿಸುತ್ತಿದ್ದ ವಿಜ್ಞಾನಿಗಳು ಸುಳ್ಳು ಹೆಸರಿಟ್ಟುಕೊಂಡು ದಣಿವಾರಿಸಿಕೊಳ್ಳಲು ಬರುತ್ತಿದ್ದುದೂ ಇಲ್ಲಿಗೇ. 1947ರಲ್ಲಿ ಸೀಲೊಫೈಸಿಸ್ ಎಂಬ ಪುಟ್ಟ ಡೈನೋಸಾರ್‌ಗಳ ಎಲುಬುಗೂಡುಗಳು ರಾಶಿರಾಶಿಯಾಗಿ ಸಿಕ್ಕವು; 20 ಕೋಟಿ ವರ್ಷಕ್ಕೂ ಹಳೆಯವು. ಚರ್ಚು ಈ ಎಲುಬುಗಳನ್ನು ಕಂಡು ಮುಖ ತಿರುಗಿಸಲಿಲ್ಲ. ತನ್ನ ಅಂಗಳದಲ್ಲೇ ಪಳೆಯುಳಿಕೆಗಳ ವಸ್ತುಸಂಗ್ರಹಾಲಯ ಕಟ್ಟಿತು. ಸೃಷ್ಟಿಯ ಕಥೆಯನ್ನು ಓದುವವರು ಬಂಡೆಯನ್ನೂ ಓದಬಹುದು ಎಂಬ ಈ ಧೈರ್ಯ ನನಗೆ ಬಹಳ ಮೆಚ್ಚುಗೆಯಾದದ್ದು.

ದಾನದ ಸುದ್ದಿ ತಿಳಿದು ಓಕೀಫ್ ಕೆರಳಿದರು. ಮಾರುವ ಮನಸ್ಸಿದ್ದರೆ ತನಗೇಕೆ ಹೇಳಲಿಲ್ಲ ಎಂಬುದು ಅವರ ದೂರು. ಶಿಬಿರಕ್ಕೆ ಬರುವ ಗುಂಪುಗಳ ಗದ್ದಲ ಬೇರೆ. ಎದುರಿಗೆ ಕಾಣುವ ಪೆದೆರ್ನಾಲ್ ಬೆಟ್ಟವನ್ನು ಸಾಕಷ್ಟು ಸಲ ಚಿತ್ರಿಸಿದರೆ ದೇವರು ಅದನ್ನು ತನಗೇ ಕೊಟ್ಟುಬಿಡುತ್ತಾನೆ ಎಂದು ನಗುತ್ತ ಹೇಳಿಕೊಳ್ಳುತ್ತಿದ್ದವರು ಅವರು. ದೇವರ ಮಾತು ಹಾಗಿರಲಿ, ಪ್ಯಾಕ್ ಮಾತ್ರ ರ್‍ಯಾಂಚನ್ನು ಚರ್ಚಿಗೆ ಕೊಟ್ಟಿದ್ದರು. ಸಿಟ್ಟು ಕ್ರಮೇಣ ಇಳಿಯಿತು. ಹಿಂದೆ ಪ್ಯಾಕ್‌ಗೆ ಅವರು ಬರೆದುಕೊಟ್ಟಿದ್ದ ದನದ ತಲೆಬುರುಡೆಯ ಚಿತ್ರವೇ, ಅವರ ಒಪ್ಪಿಗೆಯಿಂದ, ರ್‍ಯಾಂಚಿನ ಲಾಂಛನವಾಯಿತು.

ಈಗ ಇನ್ನೊಂದು ಮರುಭೂಮಿಗೆ, ಅರಿಜೋನಾಕ್ಕೆ ಬನ್ನಿ. ಪ್ಯಾಕ್ ದಂಪತಿಯ ದಾನದ ಆಸುಪಾಸಿನ ವರ್ಷಗಳಲ್ಲೇ, ರೇಯೆಸ್ ಲೋಪೆಸ್ ತಿಹೆರಿನಾ ಎಂಬ ಪೆಂಟೆಕಾಸ್ಟಲ್ ಬೋಧಕ ಹೊಲಗಳಲ್ಲಿ ಕೂಲಿ ಮಾಡುವ ಹದಿನೇಳು ಕುಟುಂಬಗಳನ್ನು ಕಟ್ಟಿಕೊಂಡು, ಒಟ್ಟುಗೂಡಿಸಿದ ಹಣದಲ್ಲಿ 160 ಎಕರೆ ಕೊಂಡ. 'ಶಾಂತಿಯ ಕಣಿವೆ' ಎಂದು ಹೆಸರಿಟ್ಟರು. ಮನೆ ಕಟ್ಟಲು ಹಣವಿಲ್ಲದೆ ನೆಲ ಅಗೆದು ಅದರೊಳಗೇ ವಾಸಕ್ಕೆ ಇಳಿದರು. ಇದೂ ಮರುಭೂಮಿಯಲ್ಲಿ ಕ್ರೈಸ್ತ ನೆಲೆಯೊಂದರ ಸ್ಥಾಪನೆಯೇ. ಐಗುಪ್ತದ (ಈಜಿಪ್ಟಿನ) ಮರುಭೂಮಿಯಲ್ಲಿ ನೆಲೆಸಿದ್ದ ಅಂತೋನಿ, ಪಕೋಮಿಯಸ್‌ರ ಕಾಲದ ಕ್ರೈಸ್ತ ಸನ್ಯಾಸಿಗಳು ನೋಡಿದ್ದರೆ ಬಹುಶಃ ಇದನ್ನೇ ತಮ್ಮದೆಂದು ಗುರುತಿಸುತ್ತಿದ್ದರು. ಆದರೆ ಅಕ್ಕಪಕ್ಕದವರು ಇವರನ್ನು ಬಾಳಗೊಡಲಿಲ್ಲ. ಕಿರುಕುಳ, ಬೆಂಕಿ, ಪೊಲೀಸರ ಕಾಟ. ಎರಡು ವರ್ಷ ತುಂಬುವುದರೊಳಗೆ ಎಲ್ಲ ಮುಗಿಯಿತು.

ತಿಹೆರಿನಾ ಅಲ್ಲಿಂದ ಬಂದದ್ದು ನ್ಯೂ ಮೆಕ್ಸಿಕೋದ ಉತ್ತರಕ್ಕೆ. ಬಂದು ಹಳೆಯ ದಾಖಲೆಗಳನ್ನು ಕೆದಕಿದ. ಮೆಕ್ಸಿಕೋ ಈ ಪ್ರದೇಶವನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟ 1848ರ ಗ್ವಾದಲೂಪೆ ಹಿದಾಲ್ಗೊ ಒಪ್ಪಂದದಲ್ಲಿ ಮೆಕ್ಸಿಕೋದವರ ಆಸ್ತಿಹಕ್ಕನ್ನು ಕಾಪಾಡುವುದಾಗಿ ಅಮೆರಿಕ ಮಾತು ಕೊಟ್ಟಿತ್ತು. ಆದರೆ ಹಳ್ಳಿಯವರೆಲ್ಲ ಸೇರಿ ಅನುಭವಿಸುತ್ತಿದ್ದ ಗೋಮಾಳಗಳನ್ನು ನ್ಯಾಯಾಲಯಗಳು ಸರ್ಕಾರದ ಸೊತ್ತೆಂದವು. ಘೋಸ್ಟ್ ರ್‍ಯಾಂಚಿನ ನೆರೆಯಲ್ಲಿದ್ದ ಸಾನ್ ಹೊಆಕಿನ್ ಮಾನ್ಯದವರು 4.7 ಲಕ್ಷಕ್ಕೂ ಹೆಚ್ಚು ಎಕರೆ ಕೇಳಿದರು. ಉಳಿಸಿಕೊಟ್ಟದ್ದು 1,422 ಎಕರೆ. ಮಿಕ್ಕದ್ದರಲ್ಲಿ ಬಹುಪಾಲು ರಾಷ್ಟ್ರೀಯ ಅರಣ್ಯವಾಯಿತು. ಅಜ್ಜಂದಿರು ಮೇಯಿಸಿದ ಹುಲ್ಲಿಗೆ ಮೊಮ್ಮಕ್ಕಳು ಅರಣ್ಯ ಇಲಾಖೆಯ ಪರವಾನಗಿ ಬೇಡಬೇಕಾಯಿತು.

1966ರ ಅಕ್ಟೋಬರ್‌ನಲ್ಲಿ ತಿಹೆರಿನಾ ಮತ್ತು ಅವನ ಸಂಗಡಿಗರು ಅರಣ್ಯ ಇಲಾಖೆಯ ಒಂದು ತಾಣವನ್ನು ಹಿಡಿದರು. ಇಬ್ಬರು ಅರಣ್ಯ ಸಿಬ್ಬಂದಿಯನ್ನು ಬಂಧಿಸಿ, ತಮ್ಮದೇ ವಿಚಾರಣೆ ನಡೆಸಿ, ಅತಿಕ್ರಮ ಪ್ರವೇಶದ ಅಪರಾಧಿಗಳೆಂದು ತೀರ್ಪು ಕೊಟ್ಟು ಬಿಟ್ಟುಬಿಟ್ಟರು. ಆ ತಾಣ ಘೋಸ್ಟ್ ರ್‍ಯಾಂಚಿನಿಂದ ಕೆಲವೇ ಮೈಲಿ ದೂರ. ಮರುವರ್ಷ ಜೂನ್ 5ರಂದು ತಿಯೆರಾ ಅಮರಿಯಾ ಊರಿನ ನ್ಯಾಯಾಲಯದ ಮೇಲೆ ದಾಳಿಯಾಗಿ ಗುಂಡು ಹಾರಿತು. ಬಂದೂಕು ಹಿಡಿದದ್ದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಈ ಬೋಧಕನನ್ನು ಬಿಟ್ಟು ಆ ಚರ್ಚಿನ ಕಥೆ ಹೇಳಿದರೆ ಅದು ಅರ್ಧ ಕಥೆ.

1961ರಿಂದ 1986ರವರೆಗೆ ರ್‍ಯಾಂಚಿನ ನಿರ್ದೇಶಕರಾಗಿದ್ದವರು ಜಿಮ್ ಹಾಲ್. ಅವರ ಮುಂದೆ ಸುಲಭದ ದಾರಿಯೊಂದಿತ್ತು: ಬೇಲಿ ಬಿಗಿಮಾಡಿ, ಒಳಗೆ ಪ್ರಾರ್ಥನೆ ನಡೆಸುವುದು. ದಾಖಲೆಯ ಪ್ರಕಾರ ನೆಲ ಚರ್ಚಿನದೇ ತಾನೇ? ಹಾಲ್ ಹಾಗೆ ಮಾಡಲಿಲ್ಲ. ಸುತ್ತಲಿನ ಸಣ್ಣ ಹಿಡುವಳಿದಾರರ ದೊಡ್ಡ ಕಷ್ಟ ಚಳಿಗಾಲದ ಮೇವು. ಬೇಸಿಗೆಯಲ್ಲಿ ಬೆಟ್ಟದ ಮೇಲಿನ ಕಾಡಿನಲ್ಲಿ ಮೇಯುವ ದನಗಳನ್ನು ಹಿಮ ಬೀಳುವ ಮುನ್ನ ಕೆಳಕ್ಕೆ ಇಳಿಸಲೇಬೇಕು. ಇಳಿಸಿದರೆ ಕಟ್ಟಲು ಜಾಗವಿಲ್ಲ. ರ್‍ಯಾಂಚು ತನ್ನ ಹುಲ್ಲುಗಾವಲನ್ನು ಆ ದನಗಳಿಗೆ ತೆರೆಯಿತು.

ಇದು ಭೂಮಿಯನ್ನು ಹಿಂದಿರುಗಿಸಿದ ಹಾಗಲ್ಲ, ನಿಜ. ಹಕ್ಕು ಬೇರೆ, ಅನುಮತಿ ಬೇರೆ. ಕೊಡುವ ಕೈ ಯಾವತ್ತೂ ಮೇಲೆಯೇ ಇರುತ್ತದೆ. ಆ ತಕರಾರನ್ನು ನಾನೂ ಒಪ್ಪುತ್ತೇನೆ. ಆದರೂ ಘೋಸ್ಟ್ ರ್‍ಯಾಂಚಿಗೆ ಒಂದು ಸ್ಥಾಪನಾ ದಿನ ಆರಿಸು ಎಂದರೆ 1955ರ ದಾನಪತ್ರವನ್ನು ಬದಿಗಿಟ್ಟು, ನೆರೆಯವರ ದನ ಮೊದಲು ಒಳಗೆ ಬಂದ ದಿನವನ್ನು ಆರಿಸುತ್ತೇನೆ. ರ್‍ಯಾಂಚಿನ ಹೆಸರಿನ ಪಕ್ಕದಲ್ಲಿ ಓಕೀಫ್ ಬರೆದ ತಲೆಬುರುಡೆ. ಗೇಟಿನೊಳಗೆ ನುಗ್ಗಿದ ಜೀವಂತ ದನಗಳ ಮೈಮೇಲೆ ಮಾತ್ರ ಆ ಗುರುತಿಲ್ಲ, ಸುತ್ತಲ ಹಳ್ಳಿಗಳ ಒಂದೊಂದು ಮನೆತನದ ಒಂದೊಂದು ಬರೆ.