ಹೊರಡುವ ಮೊದಲೇ ತಲುಪಿದ ವಿಮಾನ

ಕೇಳುಗರೇ, ನಮಸ್ಕಾರ.

ಚಳಿಗಾಲದ ಒಂದು ಶನಿವಾರ ಸಂಜೆ 5 ಗಂಟೆಗೆ ಟೋಕಿಯೋ ಬಿಟ್ಟ ವಿಮಾನ ಹತ್ತು ಗಂಟೆ ಹಾರಿ ಲಾಸ್ ಏಂಜಲೀಸ್‌ನಲ್ಲಿ ಇಳಿಯುತ್ತದೆ. ಆಗ ಅಲ್ಲಿ ಎಷ್ಟು ಹೊತ್ತು? ಅದೇ ಶನಿವಾರ ಬೆಳಿಗ್ಗೆ 10. ಟಿಕೆಟ್ಟಿನಲ್ಲೂ ಹಾಗೇ ಅಚ್ಚಾಗಿರುತ್ತದೆ. ಮೊದಲ ಸಲ ನೋಡಿದವರು ಅಚ್ಚಿನ ತಪ್ಪೆಂದೇ ತಿಳಿಯುತ್ತಾರೆ.

ಟಿಕೆಟ್ಟಿನಲ್ಲಿ ಹೊರಡುವ ಹೊತ್ತು ಹೊರಡುವ ಊರಿನ ಗಡಿಯಾರದ್ದು, ಇಳಿಯುವ ಹೊತ್ತು ಇಳಿಯುವ ಊರಿನದು. ಒಂದರಲ್ಲಿ ಇನ್ನೊಂದನ್ನು ಕಳೆದರೆ ಪ್ರಯಾಣದ ಅವಧಿ ಸಿಗುವುದಿಲ್ಲ.

ಕೂಡಬೇಕೋ ಕಳೆಯಬೇಕೋ ಎಂದು ತಲೆ ಕೆಡಿಸಿಕೊಳ್ಳುವ ಬದಲು ನಡುವೆ ಒಮ್ಮೆ ಲಂಡನ್ನಿನ ಗ್ರೀನಿಚ್‌ಗೆ ಹೋಗಿ ಬನ್ನಿ. 1884ರಲ್ಲಿ ವಾಷಿಂಗ್ಟನ್ನಿನಲ್ಲಿ ನಡೆದ ಸಮ್ಮೇಳನ ಸೊನ್ನೆ ರೇಖಾಂಶಕ್ಕೆ ಆರಿಸಿಕೊಂಡ ಜಾಗ ಅದು. ಅಲ್ಲಿನ ಹೊತ್ತನ್ನೇ ವಿಶ್ವ ಸಮಯ ಅನ್ನುವುದು; ಪೈಲಟ್‌ಗಳ ಲೆಕ್ಕವೂ ಅದರಲ್ಲೇ. ಟೋಕಿಯೋ ಅದಕ್ಕಿಂತ 9 ಗಂಟೆ ಮುಂದೆ. ಸಂಜೆ 5 ಅಂದರೆ 17; ಅದರಲ್ಲಿ 9 ಕಳೆದರೆ 8. ಹಾರಾಟದ 10 ಗಂಟೆ ಕೂಡಿಸಿ, 18. ಲಾಸ್ ಏಂಜಲೀಸ್ 8 ಗಂಟೆ ಹಿಂದೆ; 18ರಲ್ಲಿ 8 ಹೋದರೆ 10. ಅಷ್ಟೇ.

ಚಳಿಗಾಲ ಎಂದು ಸುಮ್ಮನೆ ಹೇಳಲಿಲ್ಲ. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಅಮೆರಿಕದ ಬಹುಪಾಲು ಕಡೆ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಜಪಾನಿನವರು ಮುಟ್ಟುವುದಿಲ್ಲ. ಆಗ ಇದೇ ವಿಮಾನ ಇಳಿಯುವುದು 11ಕ್ಕೆ. ನೇಪಾಳವಂತೂ ವಿಶ್ವ ಸಮಯಕ್ಕಿಂತ 5 ಗಂಟೆ 45 ನಿಮಿಷ ಮುಂದೆ. ಅಲ್ಲಿಗೆ ಕಾಗದ ಪೆನ್ನು ಬೇಕೇ ಬೇಕು.

ವಾಪಸ್ ಬರುವಾಗ ಮೇಲ್ಗಾಳಿ ಎದುರಾಗುತ್ತದೆ, ಹತ್ತರ ದಾರಿಗೆ ಹನ್ನೆರಡು ಗಂಟೆ ಅನ್ನಿ. ಶನಿವಾರ ಬೆಳಿಗ್ಗೆ 11ಕ್ಕೆ ಹೊರಟರೆ ಟೋಕಿಯೋದಲ್ಲಿ ಭಾನುವಾರ ಸಂಜೆ 4. ಇದು ವಿಮಾನ ಬಂದ ಮೇಲಿನ ಪೇಚಲ್ಲ. ಮೆಗಲನ್ ಜೊತೆ ಪಶ್ಚಿಮಕ್ಕೆ ಹೊರಟು ಭೂಮಿ ಸುತ್ತಿದ ನಾವಿಕರು 1522ರ ಜುಲೈನಲ್ಲಿ ಕೇಪ್ ವರ್ಡ್ ದ್ವೀಪ ಮುಟ್ಟಿದಾಗ ಅವರ ದಿನಚರಿಯಲ್ಲಿ ಬುಧವಾರ, ದಡದಲ್ಲಿ ಗುರುವಾರ. ಒಂದು ದಿನವೂ ಬರೆಯುವುದು ತಪ್ಪಿರಲಿಲ್ಲ, ಪಾಪ.

ನಮಗಾದರೆ ಟಿಕೆಟ್ಟಿನಲ್ಲಿ ಇಳಿಯುವ ಹೊತ್ತಿನ ಪಕ್ಕ ಇರುವೆಯಷ್ಟು ಚಿಕ್ಕದಾಗಿ ಒಂದು ಕೂಡು ಗುರುತು, ಮುಂದೆ 1 ಎಂಬ ಅಂಕಿ ಇರುತ್ತದೆ. ಮಾರನೆಯ ದಿನ ಎಂದರ್ಥ. ನಾನೊಮ್ಮೆ ಅದನ್ನು ನೋಡದೆ, ಕರೆದೊಯ್ಯಲು ಬರಬೇಕಿದ್ದ ಭಾವನಿಗೆ ಹಿಂದಿನ ದಿನದ ತಾರೀಕು ಹೇಳಿಬಿಟ್ಟಿದ್ದೆ. ನಿಲ್ದಾಣದ ಬಾಗಿಲಲ್ಲಿ ಅವರು ಎರಡು ಗಂಟೆ ಕಾದು ಫೋನ್ ಮಾಡಿದಾಗ, ನಾನಿನ್ನೂ ಪೆಟ್ಟಿಗೆ ತುಂಬುತ್ತಿದ್ದೆ.

ನಮಸ್ಕಾರ.