ಗುಜರಿಗೆ ಹೋಗಬೇಕಿದ್ದ 32 ಡಿಶ್‌ಗಳು

(ದೃಶ್ಯ: ತಾರಸಿ ಮೇಲೆ ತುಕ್ಕು ಹಿಡಿದ ಟಿವಿ ಡಿಶ್)

ನಮಸ್ಕಾರ. ನಿಮ್ಮ ತಾರಸಿ ಮೇಲೂ ಇಂಥದ್ದೊಂದು ಬಿದ್ದಿರಬಹುದು. ಗುಜರಿಯವನು ಬಂದರೆ ತೂಕಕ್ಕೆ ಹಾಕುತ್ತೀರಿ, ಅಲ್ವಾ? 1950ರ ದಶಕದಲ್ಲಿ ಸಿಡ್ನಿಯಲ್ಲೂ ಹೀಗೇ ಆಗುವುದರಲ್ಲಿತ್ತು.

ಅಲ್ಲಿ ಪಾಟ್ಸ್ ಹಿಲ್ ಎಂಬ ಜಾಗ. ನೀರಿನ ಜಲಾಶಯದ ದಂಡೆ ಮೇಲೆ 32 ಡಿಶ್‌ಗಳ ಸಾಲು. ಒಂದೊಂದೂ ಆರಡಿ ಅಗಲ. ಸೂರ್ಯನಿಂದ ಬರುವ ರೇಡಿಯೋ ತರಂಗ ಹಿಡಿಯುವುದು ಅವುಗಳ ಕೆಲಸ. ಸಿಡ್ನಿಯವರು ಬೇರೆ ಕಡೆ ದೊಡ್ಡ ಟೆಲಿಸ್ಕೋಪ್ ಕಟ್ಟಲು ಹೊರಟಿದ್ದರು. ಇನ್ನು ಹಳೆಯದು ಯಾರಿಗೆ ಬೇಕು?

ಭಾರತದಿಂದ ತರಬೇತಿಗೆ ಹೋಗಿದ್ದ ಯುವ ವಿಜ್ಞಾನಿ ಗೋವಿಂದ ಸ್ವರೂಪ್ ಅವರಿಗೆ ಬೇಕಿತ್ತು. ಭಾರತಕ್ಕೆ ಕೊಡಿ ಎಂದು ಕೇಳಿದರು. ಪುಕ್ಕಟೆ ಸಿಗುತ್ತದೆ ಅಂತ ಸುಮ್ನೆ ಕೇಳಿದ್ದಲ್ಲ. 21 ಸೆಂಟಿಮೀಟರ್ ಉದ್ದದ ತರಂಗಕ್ಕಿದ್ದ ಆ ಸಾಲನ್ನು 60 ಸೆಂಟಿಮೀಟರ್‌ಗೆ ಬದಲಾಯಿಸಿದವರಲ್ಲಿ ಅವರೂ ಒಬ್ಬರು. ಅದರ ಒಳಗು ಹೊರಗು ಎಲ್ಲ ಗೊತ್ತಿತ್ತು.

(ದೃಶ್ಯ: ಡಿಶ್‌ನ ಚಿತ್ರ, ಅದರ ಮೇಲೆ ತರಂಗ ಬಿದ್ದು ತಿರುಗುವುದು)

ಡಿಶ್ ಅಂದರೆ ಬರೀ ಕನ್ನಡಿ. ಬೇಗ ಹಳತಾಗುವುದು ರಿಸೀವರ್, ಅಂದರೆ ಕನ್ನಡಿ ತಿರುಗಿಸಿ ಕೊಟ್ಟ ತರಂಗವನ್ನು ಹಿಡಿದು ಅಳೆಯುವ ಯಂತ್ರ. ಮತ್ತೆ ಈ ಕನ್ನಡಿ ಫಳಫಳ ಹೊಳೆಯಲೇಬೇಕು ಅಂತೇನಿಲ್ಲ. ಉಬ್ಬುತಗ್ಗು ತರಂಗದ ಉದ್ದದ ಇಪ್ಪತ್ತರಲ್ಲಿ ಒಂದು ಪಾಲಿನೊಳಗಿದ್ದರೆ ಸಾಕು. ಅರ್ಧ ಮೀಟರ್ ತರಂಗಕ್ಕೆ ಲೆಕ್ಕ ಹಾಕಿ. ಎರಡೂವರೆ ಸೆಂಟಿಮೀಟರ್! ಸಣ್ಣಪುಟ್ಟ ನೆಗ್ಗು ಇದ್ದರೆ ತರಂಗಕ್ಕೆ ಗೊತ್ತೇ ಆಗುವುದಿಲ್ಲ.

ಆಸ್ಟ್ರೇಲಿಯಾದವರು ಕೊಡಲು ಒಪ್ಪಿದರು. ಹಡಗಿನ ಬಾಡಿಗೆ ಮಾತ್ರ ಗಂಟಲಿಗೆ ಸಿಕ್ಕಿಕೊಂಡಿತು. ಸುಮಾರು 700 ಪೌಂಡ್. ನಮ್ಮಲ್ಲಿ ಆಗ ವಿದೇಶಿ ಹಣಕ್ಕೆ ಬರ. ಆನೆ ಕೊಟ್ಟು ಅಂಕುಶಕ್ಕೆ ಜಗಳ ಅನ್ನುತ್ತಾರಲ್ಲ, ಹಾಗಾಯಿತು. ದಿಲ್ಲಿಗೆ ಮರಳಿದ್ದ ಸ್ವರೂಪ್ ಕಾದರು, ಡಿಶ್ ಬರಲಿಲ್ಲ, 1956ರಲ್ಲಿ ಅಮೆರಿಕಕ್ಕೆ ಹೊರಟೇಬಿಟ್ಟರು. ಇದನ್ನು ಉಳಿತಾಯ ಅನ್ನಲು ನನಗಂತೂ ಮನಸ್ಸು ಬರುವುದಿಲ್ಲ.

1962ರಲ್ಲಿ ವಿಜ್ಞಾನಿ ಹೋಮಿ ಭಾಭಾ ಕರೆದರು. 1963ರಲ್ಲಿ ಸ್ವರೂಪ್ ಬಂದು ಭಾಭಾ ಅವರ ಮುಂಬೈನ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್ ಸೇರಿದರು. ಅಷ್ಟರಲ್ಲಿ ಡಿಶ್‌ಗಳು ದಿಲ್ಲಿಗೆ ಬಂದು ಸುಮ್ಮನೆ ಬಿದ್ದಿದ್ದವು. ಅವನ್ನು ಮುಂಬೈ ಹತ್ತಿರದ ಕಲ್ಯಾಣಕ್ಕೆ ತಂದು, 24ನ್ನು ಪೂರ್ವ-ಪಶ್ಚಿಮಕ್ಕೆ, 8ನ್ನು ಉತ್ತರ-ದಕ್ಷಿಣಕ್ಕೆ ನಿಲ್ಲಿಸಿದರು. 610 ಮೆಗಾಹರ್ಟ್ಸ್, ಅಂದರೆ 49 ಸೆಂಟಿಮೀಟರ್ ತರಂಗ. 1965ರಲ್ಲಿ ಕೆಲಸ ಶುರು. ಹೊಸ ಹುಡುಗರ ಕೈ ಪಳಗಿದ್ದು ಈ ಹಳೇ ಡಿಶ್‌ಗಳ ಮೇಲೇ.

(ದೃಶ್ಯ: ಊಟಿಯ ಬೆಟ್ಟ, ಇಳಿಜಾರಿನ ಉದ್ದಕ್ಕೂ ಟೆಲಿಸ್ಕೋಪ್)

ಅದಾಗಿ ಐದೇ ವರ್ಷಕ್ಕೆ ಅದೇ ತಂಡ ಊಟಿಯಲ್ಲಿ 530 ಮೀಟರ್ ಉದ್ದದ ಟೆಲಿಸ್ಕೋಪ್ ನಿಲ್ಲಿಸಿತು. ಇಲ್ಲಿನ ಜಾಣತನ ನೋಡಿ. ಊಟಿ ಇರುವುದು ಸುಮಾರು 11 ಡಿಗ್ರಿ ಅಕ್ಷಾಂಶದಲ್ಲಿ. ಉತ್ತರ-ದಕ್ಷಿಣಕ್ಕೆ ಅಷ್ಟೇ ಇಳಿಜಾರಿರುವ ಬೆಟ್ಟ ಹುಡುಕಿ ಅದರ ಮೇಲೆ ಕಟ್ಟಿದರು. ಹಾಗಾಗಿ ಟೆಲಿಸ್ಕೋಪಿನ ಅಕ್ಷ ಭೂಮಿಯ ಅಕ್ಷಕ್ಕೆ ಸಮಾನಾಂತರವಾಯಿತು. ಒಂದೇ ದಿಕ್ಕಿಗೆ ನಿಧಾನವಾಗಿ ತಿರುಗಿಸಿದರೆ ಗಂಟೆಗಟ್ಟಲೆ ಒಂದೇ ನಕ್ಷತ್ರಲೋಕದ ಹಿಂದೆ ಬೀಳಬಹುದು. ದುಬಾರಿ ಯಂತ್ರ ಮಾಡಬೇಕಿದ್ದ ಅರ್ಧ ಕೆಲಸವನ್ನು ಬೆಟ್ಟವೇ ಮಾಡಿಕೊಟ್ಟಿತು!

ಕನ್ನಡಿಯೂ ತಗಡಿನದ್ದಲ್ಲ, ಸುಮಾರು 1,100 ಸ್ಟೀಲ್ ತಂತಿಗಳದ್ದು. ಗಾಳಿ ನಡುವೆ ನುಸುಳಿ ಹೋಗುತ್ತದೆ, ತರಂಗ ಮಾತ್ರ ಹೋಗುವುದಿಲ್ಲ. 1990ರ ದಶಕದಲ್ಲಿ ತರಂಗ ಹಿಡಿಯುವ ಭಾಗ ಬದಲಾಯಿಸಿದರು. ಆಮೇಲೆ ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ರಿಸೀವರ್ ಸುಧಾರಿಸಲು ಕೈಜೋಡಿಸಿದರು. ತಂತಿ ಹೊತ್ತು ಬೆಟ್ಟದ ಮೇಲೆ ನಿಂತಿರುವ 24 ಚೌಕಟ್ಟುಗಳು ಮಾತ್ರ 1970ರವೇ.