ಕಾರ್ಯಕ್ರಮದ ಫೋಟೋಗ್ರಫಿಗೆ ಫ್ಲ್ಯಾಶ್ ಬ್ಯಾಟರಿ ಪ್ಯಾಕ್ ಆರಿಸುವುದು

ಎಲ್ಲರಿಗೂ ನಮಸ್ಕಾರ.

ವೇದಿಕೆಯ ಮೇಲೆ ಪ್ರಶಸ್ತಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವುದು ಒಂದೆರಡು ಸೆಕೆಂಡಿನ ಕೆಲಸ. ಆ ಹೊತ್ತಿಗೆ ಫ್ಲ್ಯಾಶ್ ಸಿದ್ಧವಿಲ್ಲದಿದ್ದರೆ ಇನ್ನೊಂದು ಸಲ ಕೊಡಿ ಅಂತ ಕೇಳಲು ಆಗುವುದಿಲ್ಲ. ಈ ಕಷ್ಟಕ್ಕಾಗಿಯೇ ನಮ್ಮಲ್ಲಿ ಹೆಚ್ಚಿನವರು ಫ್ಲ್ಯಾಶ್‌ಗೆ ಕೇಬಲ್‌ನಿಂದ ಜೋಡಿಸುವ ಹೊರಗಿನ ಬ್ಯಾಟರಿ ಪ್ಯಾಕ್ ಹುಡುಕುತ್ತಾರೆ. ಆದರೆ ಕೊಳ್ಳುವಾಗ ಕೇಳುವ ಪ್ರಶ್ನೆಯೇ ಬೇರೆ: "ಒಂದು ಚಾರ್ಜ್‌ಗೆ ಎಷ್ಟು ಫ್ಲ್ಯಾಶ್ ಬರುತ್ತೆ?" ನನ್ನ ಪ್ರಕಾರ ಅದನ್ನು ಆಮೇಲೆ ಕೇಳಬೇಕು. ಮೊದಲು ಕೇಳಬೇಕಾದ್ದು, ಒಂದು ಫ್ಲ್ಯಾಶ್ ಆದ ಮೇಲೆ ಮುಂದಿನದಕ್ಕೆ ಎಷ್ಟು ಹೊತ್ತು ಕಾಯಬೇಕು, ಆ ವೇಗವನ್ನು ನನ್ನ ಫ್ಲ್ಯಾಶ್ ತಡೆದುಕೊಳ್ಳುತ್ತದಾ ಅಂತ.

ಇದು ಅರ್ಥವಾಗಬೇಕಾದರೆ ಫ್ಲ್ಯಾಶ್ ಒಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ನೋಡಬೇಕು. ನಾಲ್ಕು ಎಎ ಸೆಲ್ ಸೇರಿದರೆ ಸಿಗುವುದು ಸುಮಾರು 5 ರಿಂದ 6 ವೋಲ್ಟ್. ಬೆಳಕು ಕೊಡುವ ಕ್ಸೆನಾನ್ ಟ್ಯೂಬ್ ಬೆಳಗಲು ಬೇಕಿರುವುದು 300 ವೋಲ್ಟ್‌ಗೂ ಜಾಸ್ತಿ. ಹಾಗಾಗಿ ಒಳಗಿರುವ ಒಂದು ಸರ್ಕ್ಯೂಟ್ ವೋಲ್ಟೇಜನ್ನು ಏರಿಸಿ ಒಂದು ದಪ್ಪ ಕೆಪಾಸಿಟರ್‌ಗೆ ತುಂಬುತ್ತದೆ. ಶಟರ್ ಒತ್ತಿದಾಗ ಬೆಳಕಾಗಿ ಹೊರಗೆ ಬರುವುದು ಈ ಕೆಪಾಸಿಟರ್‌ನಲ್ಲಿ ಕೂಡಿಟ್ಟ ಶಕ್ತಿ, ನೇರವಾಗಿ ಬ್ಯಾಟರಿಯದ್ದಲ್ಲ. ಫ್ಲ್ಯಾಶ್ ಹೊಡೆದ ಮೇಲೆ ಕಿವಿ ಹತ್ತಿರ ಇಟ್ಟರೆ ಸಣ್ಣಗೆ 'ಕುಂಯ್' ಅಂತ ಏರುವ ಸದ್ದು ಕೇಳುತ್ತದಲ್ವಾ, ಅದು ಈ ತುಂಬುವ ಕೆಲಸದ ಸದ್ದು. ಟ್ಯಾಂಕ್ ಎಷ್ಟೇ ದೊಡ್ಡದಿರಲಿ, ನಲ್ಲಿ ಸಣ್ಣದಾದರೆ ಬಿಂದಿಗೆ ತುಂಬುವುದು ತಡ. ಎಎ ಸೆಲ್ ಅಂಥ ಸಣ್ಣ ನಲ್ಲಿ.

ಕ್ಯಾಮೆರಾ ಮೇಲೆ ಕೂರುವ ದೊಡ್ಡ ಫ್ಲ್ಯಾಶ್‌ಗಳಲ್ಲಿ ಫುಲ್ ಪವರ್ ಅಂದರೆ ಸುಮಾರು 75 ಜೂಲ್ ಶಕ್ತಿ ಅಂತ ಲೆಕ್ಕ ಇಟ್ಟುಕೊಳ್ಳೋಣ. 2000 ಮಿಲಿ ಆಂಪಿಯರ್ ಅವರ್‌ನ ನಾಲ್ಕು ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ಗಳಲ್ಲಿ ಇರುವುದು 9.6 ವ್ಯಾಟ್ ಅವರ್, ಅಂದರೆ 34,560 ಜೂಲ್. ದಾರಿಯಲ್ಲಿ ಅರ್ಧ ಬಿಸಿಯಾಗಿ ಹೋಯಿತು ಅಂದುಕೊಂಡರೂ ಇನ್ನೂರಕ್ಕೂ ಹೆಚ್ಚು ಫುಲ್ ಪವರ್ ಫ್ಲ್ಯಾಶ್ ಸಿಗುತ್ತವೆ. ಕಾರ್ಯಕ್ರಮದಲ್ಲಿ ಪ್ರತಿ ಫೋಟೋಗೂ ಫುಲ್ ಪವರ್ ಬೇಕಾಗುವುದಿಲ್ಲ. ಕಾಲು ಪವರ್‌ನಲ್ಲಿ ಹೊಡೆದರೆ ಅದರ ನಾಲ್ಕು ಪಟ್ಟು. ಜೇಬಿನಲ್ಲಿ ಎರಡು ಸೆಟ್ ಸೆಲ್ ಇದ್ದರೆ ಎಣಿಕೆಯ ಸಮಸ್ಯೆ ಬಹುಪಾಲು ಅಲ್ಲೇ ಮುಗಿಯಿತು. ಮುಗಿಯದೇ ಉಳಿಯುವುದು ಕಾಯುವ ಸಮಸ್ಯೆ. ಒಳ್ಳೆಯ ರೀಚಾರ್ಜಬಲ್ ಸೆಲ್‌ನಲ್ಲಿ ಫುಲ್ ಪವರ್ ಫ್ಲ್ಯಾಶ್ ಮತ್ತೆ ತಯಾರಾಗಲು ಸಾಮಾನ್ಯವಾಗಿ ಎರಡೂವರೆ ಮೂರು ಸೆಕೆಂಡ್ ಬೇಕು. ಸೆಲ್ ಇಳಿಯುತ್ತಾ ಬಂದಂತೆ ಇನ್ನೂ ಜಾಸ್ತಿ. ನೇರ ಕೆಪಾಸಿಟರ್‌ಗೇ ತುಂಬುವ ಒಳ್ಳೆಯ ಹೈ ವೋಲ್ಟೇಜ್ ಪ್ಯಾಕ್ ಇದನ್ನು ಒಂದು, ಒಂದೂವರೆ ಸೆಕೆಂಡಿಗೆ ಇಳಿಸುತ್ತದೆ. ನೀವು ದುಡ್ಡು ಕೊಡುವುದು ಆ ಒಂದೂವರೆ ಸೆಕೆಂಡಿನ ಉಳಿತಾಯಕ್ಕೆ.

ಇಲ್ಲಿ ಒಂದು ಮಾತು. ನೀವು ಇನ್ನೂ ಸಾದಾ ಆಲ್ಕಲೈನ್ ಸೆಲ್ ಹಾಕುತ್ತಿದ್ದರೆ ಪ್ಯಾಕ್ ಬಗ್ಗೆ ಯೋಚಿಸುವ ಮೊದಲು ಅದನ್ನು ಬಿಡಿ. ಆಲ್ಕಲೈನ್ ಸೆಲ್‌ನ ಒಳಗಿನ ರೆಸಿಸ್ಟೆನ್ಸ್ ಜಾಸ್ತಿ. ಫ್ಲ್ಯಾಶ್ ಕೇಳುವಷ್ಟು ಕರೆಂಟ್ ಒಮ್ಮೆಲೇ ಕೊಡಲು ಅದಕ್ಕೆ ಆಗುವುದಿಲ್ಲ. ಎನೆಲೂಪ್ ಥರದ, ಇಟ್ಟಲ್ಲೇ ಬೇಗ ಚಾರ್ಜ್ ಕಳೆದುಕೊಳ್ಳದ ಸೆಲ್‌ಗಳು 2005 ರಿಂದಲೇ ಸಿಗುತ್ತಿವೆ. ಅಷ್ಟು ಬದಲಾಯಿಸಿದರೇ ಕೆಲವರ ಕಷ್ಟ ತೀರುತ್ತದೆ.

ಈಗ ಪ್ಯಾಕ್‌ಗಳ ವಿಷಯ. ನೋಡಲು ಎಲ್ಲವೂ ಒಂದು ಡಬ್ಬಿ, ಒಂದು ಕೇಬಲ್. ಆದರೆ ಕೆಲಸದಲ್ಲಿ ಎರಡು ಜಾತಿ. ಒಂದು, ಸೆಲ್ ಇಡುವ ಜಾಗಕ್ಕೆ ನಕಲಿ ಸೆಲ್ ಥರದ ತುಂಡು ಇಟ್ಟು ಆರು ವೋಲ್ಟ್ ಆಸುಪಾಸಿನ ಕರೆಂಟ್ ಕೊಡುವಂಥದ್ದು. ಇದರಿಂದ ಫ್ಲ್ಯಾಶ್ ಎಣಿಕೆ ಹೆಚ್ಚುತ್ತದೆ, ವೇಗ ಅಷ್ಟಾಗಿ ಹೆಚ್ಚುವುದಿಲ್ಲ. ಯಾಕೆಂದರೆ ವೋಲ್ಟೇಜ್ ಏರಿಸುವುದು ಫ್ಲ್ಯಾಶ್‌ನ ಅದೇ ಪುಟ್ಟ ಸರ್ಕ್ಯೂಟ್. ಇನ್ನೊಂದು, ತನ್ನೊಳಗೇ ವೋಲ್ಟೇಜ್ ಏರಿಸಿಕೊಂಡು 300 ವೋಲ್ಟ್ ಆಸುಪಾಸಿನಲ್ಲಿ ನೇರ ಕೆಪಾಸಿಟರ್‌ಗೆ ತಲುಪಿಸುವಂಥದ್ದು. ಕಾರ್ಯಕ್ರಮಕ್ಕೆ ಬೇಕಿರುವುದು ಈ ಎರಡನೆಯದು. ಕ್ಯಾನನ್‌ನ ಸಿಪಿ-ಇ4, ನಿಕಾನ್‌ನ ಎಸ್‌ಡಿ-9 ಎರಡೂ 8 ಎಎ ಸೆಲ್ ಹಿಡಿಸುವ ಪ್ಯಾಕ್‌ಗಳು. ಗೊಡಾಕ್ಸ್ ಪಿಬಿ960 ಲಿಥಿಯಂ ಬ್ಯಾಟರಿಯದ್ದು, 11.1 ವೋಲ್ಟ್, 4500 ಮಿಲಿ ಆಂಪಿಯರ್ ಅವರ್, ಎರಡು ಔಟ್‌ಪುಟ್. ಎಎ ಹಾಕುವ ಪ್ಯಾಕ್‌ನ ದೊಡ್ಡ ಗುಣ ಅಂದರೆ ಸೆಲ್ ಮುಗಿದರೆ ಎಲ್ಲಿ ಬೇಕಾದರೂ ಸಿಗುತ್ತದೆ. ದೊಡ್ಡ ತೊಂದರೆ ಅಂದರೆ ರಾತ್ರಿ ಕೂತು ಹನ್ನೆರಡು ಸೆಲ್ ಚಾರ್ಜ್ ಮಾಡಬೇಕು. ಹೌದು, ಹನ್ನೆರಡು. ಪ್ಯಾಕ್ ಹಾಕಿದರೂ ಇಂಥ ಫ್ಲ್ಯಾಶ್ ಒಳಗಿನ ನಾಲ್ಕು ಸೆಲ್ ತೆಗೆಯುವಂತಿಲ್ಲ. ಡಿಸ್‌ಪ್ಲೇ, ಜೂಮ್ ಮೋಟಾರ್, ಕಂಟ್ರೋಲ್ ಸರ್ಕ್ಯೂಟ್ ಎಲ್ಲ ಅದರಿಂದಲೇ ನಡೆಯುವುದು. ಪ್ಯಾಕ್ ಅರ್ಧ ತುಂಬಿರುವಾಗಲೇ ಫ್ಲ್ಯಾಶ್ ಆಫ್ ಆಯಿತು ಅಂತ ಗಾಬರಿಯಾಗುವವರು ಮೊದಲು ಆ ಒಳಗಿನ ಸೆಲ್ ಬದಲಿಸಿ ನೋಡಬೇಕು.

ಪ್ಯಾಕ್ ಆರ್ಡರ್ ಮಾಡುವ ಮೊದಲು ದಯವಿಟ್ಟು ಫ್ಲ್ಯಾಶ್ ಕೈಗೆತ್ತಿಕೊಂಡು ಅದರಲ್ಲಿ ಹೊರಗಿನ ಪವರ್‌ಗೆ ಸಾಕೆಟ್ ಇದೆಯಾ ನೋಡಿ. ಸಣ್ಣ ರಬ್ಬರ್ ಅಥವಾ ಪ್ಲಾಸ್ಟಿಕ್ ಮುಚ್ಚಳದ ಕೆಳಗಿರುತ್ತದೆ. ಕ್ಯಾನನ್ 430ಇಎಕ್ಸ್ II, ನಿಕಾನ್ ಎಸ್‌ಬಿ-700 ಎರಡೂ ಒಳ್ಳೆಯ ಫ್ಲ್ಯಾಶ್‌ಗಳೇ, ಆದರೆ ಅವುಗಳಲ್ಲಿ ಈ ಸಾಕೆಟ್ ಇಲ್ಲ. ಸಾಕೆಟ್ ಇದ್ದರೂ ಒಂದೊಂದು ಕಂಪನಿಯ ಪಿನ್ ಒಂದೊಂದು ಥರ. ಪ್ಯಾಕ್ ಒಂದೇ ಆದರೂ ಕೇಬಲ್ ಬೇರೆ. ಕೇಬಲ್ ಒಂದನ್ನು ಹೆಚ್ಚುವರಿ ತೆಗೆದಿಟ್ಟುಕೊಳ್ಳುವುದು ಲೇಸು. ಜನರ ನಡುವೆ ಓಡಾಡುವಾಗ ಎಳೆತಕ್ಕೆ ಸಿಗುವುದು ಕೇಬಲ್, ಮೊದಲು ಕೆಡುವುದೂ ಅದೇ.

ಮಿಲಿ ಆಂಪಿಯರ್ ಅವರ್ ಅಂಕಿ ನೋಡಿ ಮರುಳಾಗಬೇಡಿ. ವೋಲ್ಟೇಜ್ ಜೊತೆ ಗುಣಿಸದೆ ಆ ಅಂಕಿಗೆ ಅರ್ಥವಿಲ್ಲ. ಮೊಬೈಲ್‌ನ 10,000ದ ಪವರ್ ಬ್ಯಾಂಕ್ 3.7 ವೋಲ್ಟ್ ಲೆಕ್ಕದಲ್ಲಿ 37 ವ್ಯಾಟ್ ಅವರ್. ನಾನು ಹೇಳಿದ 4500ರ ಫ್ಲ್ಯಾಶ್ ಪ್ಯಾಕ್ ಸುಮಾರು 50 ವ್ಯಾಟ್ ಅವರ್. ದೊಡ್ಡ ಅಂಕಿ ಇರುವುದರಲ್ಲೇ ಶಕ್ತಿ ಕಡಿಮೆ! ಪವರ್ ಬ್ಯಾಂಕಿನಿಂದಲೇ ಫ್ಲ್ಯಾಶ್ ನಡೆಸಬಹುದಾ ಅಂತ ತುಂಬಾ ಜನ ಕೇಳುತ್ತಾರೆ. 5 ವೋಲ್ಟ್, 2 ಆಂಪಿಯರ್ ಅಂದರೆ 10 ವ್ಯಾಟ್. 75 ಜೂಲ್ ತುಂಬಲು, ಸೋರಿಕೆ ಸೇರಿ, ಹದಿನೈದು ಸೆಕೆಂಡ್ ಹತ್ತಿರ ಬೇಕು. ಪವರ್ ಬ್ಯಾಂಕ್ ಫ್ಲ್ಯಾಶ್‌ನ ಬ್ಯಾಟರಿಯನ್ನು ನಿಧಾನಕ್ಕೆ ಚಾರ್ಜ್ ಮಾಡಲು ಸರಿ, ಫ್ಲ್ಯಾಶ್ ಹೊಡೆಯಲು ಅಲ್ಲ.

ಇನ್ನು ಬಿಸಿಯ ವಿಷಯ. ಇದರ ಬಗ್ಗೆ ನಾನು ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ. ಎಎ ಸೆಲ್ ನಿಧಾನ ಅಂತ ನಾವು ಬೈಯುತ್ತೇವೆ, ಆದರೆ ಆ ನಿಧಾನವೇ ಇಷ್ಟು ದಿನ ನಿಮ್ಮ ಟ್ಯೂಬನ್ನು ಕಾಪಾಡಿದ್ದು. ಪ್ಯಾಕ್ ಹಾಕಿದ ಕೂಡಲೇ ಆ ಕಾವಲು ಹೋಗುತ್ತದೆ. ಸೆಕೆಂಡಿಗೊಂದರಂತೆ ಫುಲ್ ಪವರ್ ಹೊಡೆದರೆ ಆ ಶಾಖವೆಲ್ಲ ಬೆರಳುದ್ದದ ಒಂದು ಗಾಜಿನ ಟ್ಯೂಬ್ ಸುತ್ತ ಸೇರುತ್ತದೆ. ಮೊದಲು ಮುಂದಿನ ಪ್ಲಾಸ್ಟಿಕ್ ಹಳದಿ ತಿರುಗುತ್ತದೆ, ಆಮೇಲೆ ಉಬ್ಬುತ್ತದೆ, ಕೊನೆಗೆ ಟ್ಯೂಬೇ ಹೋಗುತ್ತದೆ. ಬೆಳಕಿನ ಹಾದಿಯಲ್ಲಿ ದಪ್ಪ ಬಣ್ಣದ ಜೆಲ್ ಹಾಳೆ ಅಂಟಿಸಿದ್ದರೆ ಇನ್ನೂ ಬೇಗ. ಹಲವು ಫ್ಲ್ಯಾಶ್‌ಗಳ ಕೈಪಿಡಿಯಲ್ಲಿ ಸತತವಾಗಿ ಇಷ್ಟು ಹೊಡೆದ ಮೇಲೆ ಕನಿಷ್ಠ 10 ನಿಮಿಷ ಬಿಡುವು ಕೊಡಿ ಅಂತ ಬರೆದಿರುತ್ತದೆ. ಆ ಪುಟವನ್ನು ಓದಿ. ನಿಕಾನ್ ಎಸ್‌ಬಿ-900 ಬಿಸಿಯಾದಾಗ ತಾನೇ ನಿಂತುಬಿಡುತ್ತಿತ್ತು, ಅದಕ್ಕೆ ಫೋಟೋಗ್ರಾಫರ್‌ಗಳು ಬಹಳ ಬೇಸರಪಟ್ಟರು. 2011ರಲ್ಲಿ ಬಂದ ಎಸ್‌ಬಿ-910 ಒಮ್ಮೆಲೇ ನಿಲ್ಲುವ ಬದಲು ಚಾರ್ಜ್ ಆಗುವ ವೇಗವನ್ನು ಇಳಿಸಿಕೊಂಡಿತು. ನಿಮ್ಮ ಫ್ಲ್ಯಾಶ್ ಬಿಸಿಯಾದಾಗ ಏನು ಮಾಡುತ್ತದೆ ಅಂತ ಪ್ಯಾಕ್ ಕೊಳ್ಳುವ ಮೊದಲೇ ತಿಳಿದಿರಬೇಕು. ಬಿಸಿ ಅಳೆಯುವ ವ್ಯವಸ್ಥೆಯೇ ಇಲ್ಲದ ಅಗ್ಗದ ಫ್ಲ್ಯಾಶ್‌ಗೆ ವೇಗದ ಪ್ಯಾಕ್ ಹಾಕುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಎರಡು ಔಟ್‌ಪುಟ್ ಸೇರಿಸಿ ಒಂದೇ ಫ್ಲ್ಯಾಶ್‌ಗೆ ಕೊಡುವ ಕೇಬಲ್ ಕೂಡ ಸಿಗುತ್ತದೆ. ಅದನ್ನು ಬಿಟ್ಟುಬಿಡಿ. ಆ ಎರಡನೇ ಔಟ್‌ಪುಟ್ ಎರಡನೇ ಫ್ಲ್ಯಾಶ್‌ಗೆ ಇರಲಿ.

ಎರಡನೇ ಫ್ಲ್ಯಾಶ್ ಅಂದೆ. ನಿಮ್ಮ ಹತ್ತಿರ ಒಂದೇ ಫ್ಲ್ಯಾಶ್ ಇದ್ದರೆ, ಇರುವ ದುಡ್ಡಿನಲ್ಲಿ ಪ್ಯಾಕ್ ಬದಲು ಇನ್ನೊಂದು ಫ್ಲ್ಯಾಶ್ ತೆಗೆದುಕೊಳ್ಳುವುದೇ ಮೇಲು ಅನ್ನುವುದು ನನ್ನ ಅಭಿಪ್ರಾಯ. ಒಂದೇ ಕಡೆಗೆ ತಿರುಗಿಸಿದ ಎರಡು ಫ್ಲ್ಯಾಶ್ ಅರ್ಧರ್ಧ ಪವರ್‌ನಲ್ಲಿ ಹೊಡೆದರೆ ಬೆಳಕು ಒಂದರ ಫುಲ್ ಪವರ್‌ನಷ್ಟೇ. ಕಾಯುವುದು ಅರ್ಧ, ಬಿಸಿಯೂ ಹಂಚಿಹೋಗುತ್ತದೆ. ಒಂದು ಕೆಟ್ಟರೆ ಇನ್ನೊಂದು ಇದ್ದೇ ಇರುತ್ತದೆ. ಗ್ರೂಪ್ ಫೋಟೋ ತೆಗೆಯುವಾಗ ಸ್ಟ್ಯಾಂಡ್ ಮೇಲೆ ಎರಡನ್ನೂ ಜೋಡಿಸಬಹುದು. ಸಭೆಯಲ್ಲಿ ಓಡಾಡಿ ಕ್ಯಾಮೆರಾ ಮೇಲೇ ಫ್ಲ್ಯಾಶ್ ಇಟ್ಟು ತೆಗೆಯುವವರಿಗೆ ಇದು ಹೊಂದುವುದಿಲ್ಲ, ನಿಜ. ಅವರಿಗೆ ಪ್ಯಾಕ್ ಬೇಕು. ಇಲ್ಲವೇ ತನ್ನದೇ ಲಿಥಿಯಂ ಬ್ಯಾಟರಿ ಇರುವ ಫ್ಲ್ಯಾಶ್ ಬೇಕು. ಗೊಡಾಕ್ಸ್ ವಿ860 II ಥರದವು ಒಂದೂವರೆ ಸೆಕೆಂಡಿನೊಳಗೆ ತಯಾರಾಗುತ್ತವೆ ಅಂತ ಕಂಪನಿ ಹೇಳುತ್ತದೆ. ಸೊಂಟಕ್ಕೆ ಭಾರವಿಲ್ಲ, ಕೇಬಲ್ ಇಲ್ಲ. ಹೊಸದಾಗಿ ಶುರು ಮಾಡುವವರು ಈ ದಾರಿಯಲ್ಲೇ ಹೋಗಲಿ.

ಇನ್ನೂ ಒಂದು ದಾರಿ ಇದೆ, ಅದಕ್ಕೆ ಖರ್ಚೇ ಇಲ್ಲ. ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅಂತ ಹೇಳುವ ಐಎಸ್ಓ 400 ಇದ್ದದ್ದನ್ನು 1600 ಮಾಡಿ. ಅದೇ ಫೋಟೋಗೆ ಫ್ಲ್ಯಾಶ್‌ನಿಂದ ಬೇಕಾದ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಕಾಯುವ ಹೊತ್ತೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಈಗಿನ ಕ್ಯಾಮೆರಾಗಳಿಗೆ 1600 ಒಂದು ಲೆಕ್ಕವೇ ಅಲ್ಲ. ಎತ್ತರದ ಚಾವಣಿಗೆ ಬೆಳಕು ಹೊಡೆದು ಬೌನ್ಸ್ ಮಾಡುವವರು, ಹೊರಗೆ ಬಿಸಿಲಿನಲ್ಲಿ ಮುಖದ ನೆರಳನ್ನು ಫ್ಲ್ಯಾಶ್‌ನಿಂದ ಬೆಳಗಿಸುವವರು ಮಾತ್ರ ನಿಜಕ್ಕೂ ಫುಲ್ ಪವರ್ ಹತ್ತಿರ ಹೋಗುತ್ತಾರೆ. ನೀವು ಯಾವ ಗುಂಪು ಅಂತ ನೋಡಿಕೊಳ್ಳಿ.

ಪ್ಯಾಕ್ ಬಂದ ಮೇಲೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಫ್ಲ್ಯಾಶ್ ಮ್ಯಾನ್ಯುಯಲ್, ಫುಲ್ ಪವರ್. ಕ್ಯಾಮೆರಾ ಕೂಡ ಮ್ಯಾನ್ಯುಯಲ್. ಎದುರಿಗೆ ಬಿಳಿ ಗೋಡೆ. ಫ್ಲ್ಯಾಶ್ ತಯಾರು ಅಂತ ತೋರಿಸುವ ರೆಡಿ ಲೈಟ್ ಹತ್ತಿದ ತಕ್ಷಣ ಒಂದು ಹೊಡೆಯಿರಿ. ಆಮೇಲೆ ನಾಲ್ಕೈದು ಸೆಕೆಂಡ್ ಬಿಟ್ಟು ಇನ್ನೊಂದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದು ಕಪ್ಪಾಗಿದ್ದರೆ ಕೆಪಾಸಿಟರ್ ಪೂರ್ತಿ ತುಂಬುವ ಮೊದಲೇ ಲೈಟ್ ಹತ್ತುತ್ತಿದೆ ಅಂತ ಅರ್ಥ. ಎಷ್ಟೋ ಫ್ಲ್ಯಾಶ್‌ಗಳಲ್ಲಿ ಹೀಗೇ ಇರುತ್ತದೆ. ಸಾಲಾಗಿ ತೆಗೆದ ಮೂರು ಫೋಟೋಗಳಲ್ಲಿ ಎರಡನೆಯದು ಮಂಕಾಗುವುದಕ್ಕೆ ಎಷ್ಟೋ ಸಲ ಇದೇ ಕಾರಣ, ಸುಮ್ನೆ ಕ್ಯಾಮೆರಾ ಮೀಟರಿಂಗ್ ಮೇಲೆ ತಪ್ಪು ಹೊರಿಸುತ್ತೇವೆ. ಪ್ಯಾಕ್ ಇದ್ದಾಗ, ಇಲ್ಲದಾಗ ಎರಡೂ ಸಲ ನೋಡಿದರೆ ನಿಮ್ಮ ಕೈಗೆ ನಿಜವಾಗಿ ಎಷ್ಟು ವೇಗ ಬಂತು ಅಂತ ಗೊತ್ತಾಗುತ್ತದೆ. ಡಬ್ಬಿ ಮೇಲಿನ ಅಂಕಿಗಿಂತ ಇದೇ ನಂಬಿಕೆಯದ್ದು.

ಬಳಸುವಾಗ ಆ ಕೇಬಲ್‌ನಲ್ಲಿ 300 ವೋಲ್ಟ್ ಇದೆ ಅನ್ನುವುದನ್ನು ಮರೆಯಬೇಡಿ. ಫ್ಲ್ಯಾಶ್, ಪ್ಯಾಕ್ ಎರಡನ್ನೂ ಆಫ್ ಮಾಡಿಯೇ ಜೋಡಿಸಿ, ಆಫ್ ಮಾಡಿಯೇ ತೆಗೆಯಿರಿ. ಮೇಲಿನ ಪದರ ಸೀಳಿದ್ದರೆ ಟೇಪ್ ಸುತ್ತಿ ಮುಂದುವರಿಸಬೇಡಿ, ಕೇಬಲ್ ಬದಲಿಸಿ. ಮಳೆಯಲ್ಲಿ ಬೇಡವೇ ಬೇಡ. ಫ್ಲ್ಯಾಶ್ ಬಿಚ್ಚಿ ನೋಡುವ ಆಸೆಯೂ ಬೇಡ, ಆಫ್ ಮಾಡಿದ ಎಷ್ಟೋ ಹೊತ್ತಿನ ಮೇಲೂ ಕೆಪಾಸಿಟರ್ ಜೀವಕ್ಕೆ ಅಪಾಯವಾಗುವಷ್ಟು ಚಾರ್ಜ್ ಹಿಡಿದಿರುತ್ತದೆ.

ವಿಮಾನದಲ್ಲಿ ಹೋಗುವವರು ಬಿಡಿ ಲಿಥಿಯಂ ಬ್ಯಾಟರಿಯನ್ನು ಚೆಕ್ ಇನ್ ಬ್ಯಾಗಿಗೆ ಹಾಕುವಂತಿಲ್ಲ, ಕೈಚೀಲದಲ್ಲೇ ಒಯ್ಯಬೇಕು. 100 ವ್ಯಾಟ್ ಅವರ್ ಒಳಗಿದ್ದರೆ ಸಾಮಾನ್ಯವಾಗಿ ತೊಂದರೆ ಇಲ್ಲ, 160ರವರೆಗೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. ಕೆಲಸವಿಲ್ಲದ ತಿಂಗಳುಗಳಲ್ಲಿ ಲಿಥಿಯಂ ಪ್ಯಾಕನ್ನು ಅರ್ಧದಷ್ಟು ಚಾರ್ಜ್‌ನಲ್ಲಿ ತಂಪು ಜಾಗದಲ್ಲಿ ಇಡಿ. ಯಾರ ಹತ್ತಿರವಾದರೂ ಹಳೆಯ ಲೆಡ್ ಆಸಿಡ್ ಪ್ಯಾಕ್ ಇದ್ದರೆ ಅದರ ಕಥೆ ಉಲ್ಟಾ, ಪೂರ್ತಿ ಚಾರ್ಜ್ ಮಾಡಿಯೇ ಇಡಬೇಕು. ಖಾಲಿ ಇಟ್ಟರೆ ಅದು ಮತ್ತೆ ಏಳುವುದಿಲ್ಲ.

ಫ್ಲ್ಯಾಶ್ ತಂದಿರುವವರು ಈಗ ಮುಂದೆ ಬನ್ನಿ. ಮೊದಲು ಸಾಕೆಟ್ ಇದೆಯಾ ನೋಡೋಣ, ಆಮೇಲೆ ಈ ಗೋಡೆಯ ಮೇಲೆ ಒಂದೊಂದನ್ನೂ ಪರೀಕ್ಷೆ ಮಾಡೋಣ.